ಕುಷ್ಠರೋಗ: ನೋಯದ ಮಚ್ಚೆಯನ್ನು ಕಡೆಗಣಿಸಬೇಡಿ

ರೋಗದ ಸ್ವರೂಪ

ಕುಷ್ಠರೋಗ ಕಾಣಿಸಿಕೊಳ್ಳುವುದು ಚರ್ಮದ ಮೇಲೆ, ಕೆಡಿಸುವುದು ನರಗಳನ್ನು. ಇದಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಲೆಪ್ರೆ ಎಂಬ ರೋಗಾಣುವನ್ನು ನಾರ್ವೆಯ ವೈದ್ಯ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಗುರುತಿಸಿದರು. ಶಾಪ, ಪೂರ್ವಜನ್ಮದ ಪಾಪ, ಮನೆತನದ ರಕ್ತ ಎಂಬ ಮಾತುಗಳಿಗೆ ಅಂದೇ ತೆರೆ ಬೀಳಬೇಕಿತ್ತು. ಈ ರೋಗಾಣು ಬಹಳ ನಿಧಾನಿ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಹಾಗಾಗಿ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷವೂ ಹಿಡಿಯುತ್ತದೆ. ದೇಹದ ತಂಪು ಭಾಗಗಳೇ ಅದಕ್ಕೆ ಹಿತ: ಚರ್ಮ, ಮೂಗು, ಕಿವಿಯ ಹಾಲೆ, ಮೊಣಕೈ ಮತ್ತು ಮಂಡಿಯ ಬಳಿ ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುವ ನರಗಳು.

ಚಿಕಿತ್ಸೆ ಪಡೆಯದ ರೋಗಿಯ ಕೆಮ್ಮು, ಸೀನಿನ ಹನಿಗಳ ಮೂಲಕ, ಅದೂ ದೀರ್ಘಕಾಲ ಜೊತೆಯಲ್ಲೇ ಇದ್ದವರಿಗೆ, ಇದು ಹರಡುತ್ತದೆ. ನೂರರಲ್ಲಿ ಸುಮಾರು 95 ಮಂದಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಕೈ ಕುಲುಕಿದರೆ, ಬಸ್ಸಿನಲ್ಲಿ ಪಕ್ಕ ಕೂತರೆ, ಒಂದೇ ಪಂಕ್ತಿಯಲ್ಲಿ ಉಂಡರೆ ಅಂಟುವುದಿಲ್ಲ.

ಮಚ್ಚೆಯನ್ನು ಗುರುತಿಸುವುದು

ಮೈಬಣ್ಣಕ್ಕಿಂತ ತಿಳಿಯಾದ ಅಥವಾ ಕೆಂಪಾದ ಮಚ್ಚೆ. ತುರಿಕೆಯಿಲ್ಲ, ನೋವಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ತೊನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ; ತೊನ್ನು ಸುಣ್ಣದಂತೆ ಬಿಳುಪು, ಅಲ್ಲಿ ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ. ಪರೀಕ್ಷೆ ಸರಳ. ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಮೊದಲು ಸರಿಯಾದ ಚರ್ಮವನ್ನು, ಆಮೇಲೆ ಮಚ್ಚೆಯನ್ನು ಮೆಲ್ಲಗೆ ಮುಟ್ಟುತ್ತಾರೆ. ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಮಚ್ಚೆಗೆ ಪೆನ್ನು ತಾಗಿದಾಗ ಬೆರಳು ಮೇಲೇಳದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಕಿವಿಯ ಹಾಲೆ ದಪ್ಪವಾಗುವುದು, ಮುಖದಲ್ಲಿ ಗಂಟುಗಳು, ಅಂಗೈ ಅಂಗಾಲು ಜೋಮು ಹಿಡಿಯುವುದು, ಮೆಟ್ಟಿದ ಚಪ್ಪಲಿ ಗೊತ್ತಾಗದೆ ಜಾರಿಹೋಗುವುದು ಕೂಡ ಲಕ್ಷಣಗಳೇ.

ಬೆರಳು ಮೊಟಕಾಗುವುದೇಕೆ?

ರೋಗಾಣು ಬೆರಳನ್ನು ತಿನ್ನುವುದಿಲ್ಲ. ವೆಲ್ಲೂರಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಜಗತ್ತಿಗೆ ಮನಗಾಣಿಸಿದ್ದು ಇದನ್ನೇ: ನರ ಸತ್ತು ನೋವು ತಿಳಿಯದ ಕೈಕಾಲಿಗೆ ಮತ್ತೆ ಮತ್ತೆ ಆಗುವ ಗಾಯಗಳೇ ಅಂಗವಿಕಲತೆಗೆ ದಾರಿ. ದಾವಣಗೆರೆ ಜಿಲ್ಲೆಯ ದುಡಿಮೆಯನ್ನು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಕಂಠ ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಸ್ಪರ್ಶವಿಲ್ಲದ ಕೈ ಬರುವುದಿಲ್ಲ, ಬೊಬ್ಬೆ ಎದ್ದ ಮೇಲೆ ಕಣ್ಣು ನೋಡಿ ಹೇಳಬೇಕು. ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ಕೂಳೆ ಚುಚ್ಚಿದ ಅಂಗಾಲು ಸಂಜೆತನಕ ಹಾಗೆಯೇ ನಡೆಯುತ್ತದೆ. ಹೊನ್ನಾಳಿಯ ಗದ್ದೆಯ ಕೆಸರಿನಲ್ಲಿ ಆ ಗಾಯ ಕೀವಾಗುತ್ತದೆ, ಕೀವು ಎಲುಬಿಗಿಳಿಯುತ್ತದೆ. ಕೂಲಿ ತಪ್ಪೀತೆಂಬ ಭಯದಲ್ಲಿ, ನೋಯದ ಮಚ್ಚೆಗಾಗಿ ಒಂದು ದಿನದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುವವರು ಎಷ್ಟು ಜನ? ಈ ಕಾಯಿಲೆ ಬೆಳೆಯುವುದೇ ಆ ಮೌನದಲ್ಲಿ.

ಜೋಮು ಹಿಡಿದ ಅಂಗಾಲನ್ನು ದಿನಾ ನೀರಿನಲ್ಲಿ ನೆನೆಸಿ, ಒರಟು ಚರ್ಮ ಉಜ್ಜಿ, ಎಣ್ಣೆ ಸವರಿ, ಗಾಯವಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಮೆತ್ತನೆ ರಬ್ಬರ್ ಅಟ್ಟೆಯ ಎಂಸಿಆರ್ ಪಾದರಕ್ಷೆಯನ್ನು ಸರ್ಕಾರವೇ ಕೊಡುತ್ತದೆ.

ಚಿಕಿತ್ಸೆ

ಒಂದು ಕಾಲಕ್ಕೆ ಪಶ್ಚಿಮಘಟ್ಟದ ಗರುಡಫಲದ ಜಾತಿಯ ಮರಗಳ ಬೀಜದೆಣ್ಣೆಯೇ ಗತಿಯಾಗಿತ್ತು. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು. ರೋಗಾಣು ಅದಕ್ಕೂ ಒಗ್ಗಿಕೊಳ್ಳತೊಡಗಿದಾಗ, 1980ರ ದಶಕದ ಆರಂಭದಲ್ಲಿ ರಿಫಾಂಪಿಸಿನ್, ಕ್ಲೋಫಾಜಿಮಿನ್ ಸೇರಿದ ಬಹುಔಷಧಿ ಚಿಕಿತ್ಸೆ ಬಂತು. ಐದರೊಳಗೆ ಮಚ್ಚೆಗಳಿದ್ದು ರೋಗಾಣು ವಿರಳವಾಗಿದ್ದರೆ 6 ತಿಂಗಳು, ಅದಕ್ಕಿಂತ ಹೆಚ್ಚಿದ್ದರೆ 12 ತಿಂಗಳು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾತ್ರೆ ಪೂರ್ತಿ ಉಚಿತ. ಚಿಕಿತ್ಸೆ ಶುರುವಾದ ಸ್ವಲ್ಪವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವುದು ನಿಲ್ಲುತ್ತದೆ. ಮೂತ್ರ ಕೆಂಪಾದರೆ, ಚರ್ಮ ಕಪ್ಪಿಟ್ಟರೆ ಹೆದರಿ ಮಾತ್ರೆ ಬಿಡಬಾರದು. ಅದು ಔಷಧಿಯ ಬಣ್ಣ. ನಡುವೆ ಮಚ್ಚೆ ಊದಿಕೊಂಡು ನರ ನೋಯತೊಡಗಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸ್ಟೀರಾಯ್ಡ್ ಕೊಟ್ಟು ಆ ನರವನ್ನು ಉಳಿಸಿಕೊಳ್ಳಬಹುದು. ಬೇಗ ಬಂದವರ ಮೈಮೇಲೆ ಕಾಯಿಲೆಯ ಗುರುತೇ ಉಳಿಯದಿರಬಹುದು.

ಮನೆ ಮನೆಯ ಪತ್ತೆ

2005ರ ಡಿಸೆಂಬರ್‌ನಲ್ಲಿ ಭಾರತ 10,000 ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿ ಮುಟ್ಟಿತು. ಆದರೂ ದೇಶದಲ್ಲಿ ಈಚಿನ ವರ್ಷಗಳಲ್ಲೂ 1 ಲಕ್ಷದಷ್ಟು ಹೊಸ ಪ್ರಕರಣಗಳು ಪತ್ತೆಯಾಗುತ್ತಿವೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇಲ್ಲಿಯವರು. ಅದಕ್ಕೇ ಪತ್ತೆ ಆಂದೋಲನದಲ್ಲಿ ಆಶಾ ಕಾರ್ಯಕರ್ತೆ ಮತ್ತು ಒಬ್ಬ ಪುರುಷ ಸ್ವಯಂಸೇವಕ ಮನೆ ಮನೆಗೆ ಹೋಗುತ್ತಾರೆ. ಹೆಂಗಸರನ್ನು ಆಕೆ, ಗಂಡಸರನ್ನು ಆತ ನೋಡುತ್ತಾರೆ. ಬೆನ್ನಿನ ಮಚ್ಚೆ ರೋಗಿಗೇ ಕಾಣದು, ಅಂಗಿ ತೆಗೆದು ತೋರಿಸಲು ಸಂಕೋಚ ಬೇಡ. ನ್ಯಾಮತಿಯ ತಾಂಡಾಗಳಿಂದ, ಜಗಳೂರಿನ ಒಣಭೂಮಿಯ ಹಳ್ಳಿಗಳಿಂದ ಕೂಲಿಗೆ ಗುಳೆ ಹೋದವರು ಸಮೀಕ್ಷೆಯ ದಿನ ಮನೆಯಲ್ಲಿ ಸಿಗುವುದಿಲ್ಲ. ಅವರು ಊರಿಗೆ ಮರಳುವ ಹಬ್ಬದ ದಿನಗಳಲ್ಲಿ ಆ ಬಾಗಿಲುಗಳನ್ನು ಮತ್ತೊಮ್ಮೆ ತಟ್ಟಬೇಕು. ರೋಗಿಯ ಮನೆಯವರಿಗೆ, ನೆರೆಯವರಿಗೆ ಮುಂಜಾಗ್ರತೆಯಾಗಿ ರಿಫಾಂಪಿಸಿನ್‌ನ ಒಂದೇ ಡೋಸ್ ಕೊಡಲಾಗುತ್ತದೆ.

ಪ್ರತಿ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ, 2017ರಿಂದ ಸ್ಪರ್ಶ್ ಜಾಗೃತಿ ಅಭಿಯಾನ ಆರಂಭವಾಗುತ್ತದೆ. ರೋಗಿಗಳನ್ನು ಕೂಡಿಹಾಕಲು ಅವಕಾಶವಿದ್ದ 1898ರ ಕಾಯ್ದೆ 2016ರಲ್ಲಿ ರದ್ದಾಯಿತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಲಮುಗಳನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. ಹಾಗಾಗಿ ಈ ಕಾಯಿಲೆಯ ನೆಪ ಹೇಳಿ ಹೆಂಡತಿಯನ್ನು ತವರಿಗೆ ಅಟ್ಟುವವರ ಬೆನ್ನಿಗೆ ಇಂದು ಯಾವ ಕಾನೂನೂ ನಿಲ್ಲುವುದಿಲ್ಲ.