ಬೆನ್ನ ಮೇಲಿನ ಹಾಸಿಗೆ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಸಂತೆಯನ್ನು ಕಂಡಿದ್ದರು, ಹಿಮವನ್ನು ಕಂಡಿರಲಿಲ್ಲ. ಹಿಮದ ಮೇಲೆ ಮಲಗುವವನಿಗೆ ಚಿಂತೆ ಇರಲಿ ಬಿಡಲಿ, ನಿದ್ದೆ ಬರುವುದು ಹಾಸಿಗೆಯ ಕೃಪೆಯಿಂದ. ಆ ಹಾಸಿಗೆಯನ್ನೋ ಹಗಲೆಲ್ಲ ತಾನೇ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಬೇಕು. ದಪ್ಪನೆಯದನ್ನು ಹೊತ್ತರೆ ಹಗಲಿನ ದಾರಿ ಸಾಗದು. ತೆಳ್ಳನೆಯದನ್ನು ಹೊತ್ತರೆ ಇರುಳು ಕಳೆಯದು. ಹಗುರವೂ ಬೆಚ್ಚಗೂ ಇರುವುದನ್ನೇ ಕೊಳ್ಳೋಣವೆಂದರೆ ಬೆಲೆ ಕೈಗೆ ಎಟುಕದು. ತೂಕ, ಬಿಸುಪು, ಬೆಲೆ ಎಂಬ ಈ ಮೂರು ಎಳೆಗಳ ತೊಡಕನ್ನು ಬಿಡಿಸಲು ಮನುಷ್ಯ ಪಟ್ಟ ಪಾಡಿಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ನಮ್ಮ ಊರುಗಳಿಂದಲೂ ಹುಡುಗ ಹುಡುಗಿಯರು ಚಳಿಗಾಲದಲ್ಲಿ ಹಿಮಾಲಯದ ಕಡೆಗೆ ಮೂಟೆ ಕಟ್ಟುತ್ತಿರುವುದರಿಂದ ಅದನ್ನು ಕೇಳಿ ತಿಳಿಯುವುದರಲ್ಲಿ ಲಾಭವುಂಟು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಹೊದಿಕೆ ನಮಗೆ ಬಿಸಿ ಕೊಡುತ್ತದೆ ಎಂದು ಹೇಳುವುದು ವಾಡಿಕೆ. ಆದರೆ ಹೊದಿಕೆಗೆ ತನ್ನದೆಂಬ ಬಿಸಿಯೇ ಇಲ್ಲ. ಬಿಸಿ ನಮ್ಮ ಮೈಯದು, ನಾವು ಉಂಡ ಅನ್ನದ್ದು. ಅದು ಹೊರಗೆ ಓಡಿಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಗೋಣಿ ಸುತ್ತಿಟ್ಟರೆ ಅದು ಬೇಗ ಕರಗುವುದಿಲ್ಲ. ಒಳಗಿನ ಬಿಸಿಯನ್ನು ಕಾಯುವ ಹೊದಿಕೆಯೇ ಹೊರಗಿನ ಬಿಸಿಯನ್ನೂ ತಡೆಯುತ್ತದೆ. ಈ ಕಾವಲಿನ ಕೆಲಸವನ್ನು ಮುಖ್ಯವಾಗಿ ಮಾಡುವುದು ಉಣ್ಣೆಯೂ ಅಲ್ಲ, ಹೊಟ್ಟೂ ಅಲ್ಲ. ಅವುಗಳ ಸಂದುಗಳಲ್ಲಿ ಅಲುಗಾಡದೆ ಸಿಕ್ಕಿಕೊಂಡ ಗಾಳಿ. ಗಾಳಿಗೆ ಬೆಲೆಯಿಲ್ಲ, ತೂಕವೂ ಇಲ್ಲವೆನ್ನಬೇಕು. ಅದನ್ನು ಹಿಡಿದಿಡುವ ಬಲೆಗೆ ಮಾತ್ರ ತೂಕವೂ ಉಂಟು, ಬೆಲೆಯೂ ಉಂಟು. ಮಲಗುವ ಸಲಕರಣೆಗಳ ಚರಿತ್ರೆಯೆಂದರೆ ಆ ಬಲೆಯನ್ನು ಹಗುರಗೊಳಿಸಿದ ಚರಿತ್ರೆ.

ನಮ್ಮ ಕುರುಬರ ಕಂಬಳಿಯೂ ಇಂಥದೊಂದು ಬಲೆಯೇ. ಕುರಿಮಂದೆಯ ಹಿಂದೆ ಊರೂರು ಅಲೆಯುವವನಿಗೆ ಅದು ಇರುಳಿಗೆ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ. ಒಂದೇ ವಸ್ತುವಿನಿಂದ ಮೂರು ಕೆಲಸ ತೆಗೆಯುವ ಈ ಜಾಣತನವನ್ನು ಬೆನ್ನ ಮೇಲೆ ಹೊರೆ ಹೊರುವವರೆಲ್ಲ ಇಂದಿಗೂ ಅನುಸರಿಸುತ್ತಾರೆ. ಆದರೆ ಕಂಬಳಿ ದಕ್ಷಿಣದ ಚಳಿಗೆ ಹುಟ್ಟಿದ್ದು. ಉತ್ತರ ಧ್ರುವದ ಅಂಚಿನಲ್ಲಿ ಬಾಳುವ ಇನ್ಯೂಟ್ ಜನರಿಗೆ ಇನ್ನೂ ಒಂದು ಪಾಠವನ್ನು ಕಲಿಯಬೇಕಾಯಿತು: ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಏರುವುದೇ ಹೆಚ್ಚು ಅಪಾಯ. ಅವರು ಹಿಮದ ಮನೆಯೊಳಗೆ ಎತ್ತರವಾದ ಜಗಲಿಯನ್ನು ಕಟ್ಟಿ, ಅದರ ಮೇಲೆ ಕಡ್ಡಿಗಳನ್ನು ಹಾಸಿ, ಆಮೇಲೆ ಹಿಮಸಾರಂಗದ ಚರ್ಮಗಳನ್ನು ಹರಡಿ ಮಲಗುತ್ತಿದ್ದರು. ಆ ಸಾರಂಗದ ಕೂದಲಿನ ಒಳಗೇ ಗಾಳಿಯ ಗೂಡುಗಳಿವೆ. ಮೈಭಾರಕ್ಕೂ ಅದು ಪೂರ್ತಿ ಚಪ್ಪಟೆಯಾಗುವುದಿಲ್ಲ. ಹೊದಿಕೆಗಿಂತ ಮೊದಲು ಹಾಸಿಗೆ ಎಂಬ ಈ ವಿವೇಕವನ್ನು ಹೊರಗಿನ ಪ್ರವಾಸಿಗಳು ಕಲಿಯುವುದಕ್ಕೆ ಬಹುಕಾಲ ಹಿಡಿಯಿತು.

ಯೂರೋಪಿನಲ್ಲಿ ಬೆಟ್ಟ ಹತ್ತುವ ಹವ್ಯಾಸ ಬೆಳೆದಾಗ ಆಲ್ಪ್ಸ್ ಪರ್ವತದಲ್ಲಿ ಇರುಳು ಕಳೆಯುವ ಪ್ರಶ್ನೆ ಎದ್ದಿತು. ಇಂಗ್ಲೆಂಡಿನ ಫ್ರಾನ್ಸಿಸ್ ಫಾಕ್ಸ್ ಟಕೆಟ್ 1861ರಲ್ಲಿ, ತಳಕ್ಕೆ ರಬ್ಬರು ಬಳಿದ ಬಟ್ಟೆಯಿರುವ ಕಂಬಳಿಚೀಲವೊಂದನ್ನು ಅಲ್ಲಿ ಪರೀಕ್ಷಿಸಿದ. ವೇಲ್ಸಿನ ನ್ಯೂಟೌನ್ ಊರಿನ ಉಣ್ಣೆಬಟ್ಟೆಯ ವ್ಯಾಪಾರಿ ಪ್ರೈಸ್ ಜೋನ್ಸ್ 1876ರಲ್ಲಿ ಇನ್ನೊಂದು ಬಗೆಗೆ ಪೇಟೆಂಟು ಪಡೆದ. ಕಂಬಳಿಯನ್ನೇ ಮಡಿಸಿ ಮೈಸುತ್ತ ಬಿಗಿಯುವಂತೆ ಮಾಡಿ, ತಲೆಯ ಕಡೆ ಗಾಳಿ ತುಂಬುವ ರಬ್ಬರಿನ ದಿಂಬನ್ನು ಅದಕ್ಕೇ ಹೊಲಿದಿದ್ದ. ರಷ್ಯಕ್ಕೂ ತುರ್ಕಿಗೂ 1877ರಲ್ಲಿ ಯುದ್ಧ ಹತ್ತಿತು. ರಷ್ಯದ ಸೈನ್ಯದಿಂದ ಭಾರಿ ಬೇಡಿಕೆ ಬಂತು. ಪ್ಲೆವ್ನಾ ಪಟ್ಟಣ ಬಿದ್ದ ಮೇಲೆ ಬೇಡಿಕೆ ರದ್ದಾಗಿ ಸಾವಿರಾರು ಚೀಲಗಳು ಅವನ ಬಳಿಯೇ ಉಳಿದವು. ಅಂಚೆಯ ಮೂಲಕ ಸರಕು ಮಾರುವುದರಲ್ಲಿ ನಿಪುಣನಾದ ಆತ ಕೈಕಟ್ಟಿ ಕೂರಲಿಲ್ಲ. ಬಡವರಿಗೆ ನೆರವಾಗುವ ಸಂಸ್ಥೆಗಳಿಗೆ ಅಗ್ಗದ ಹಾಸಿಗೆಯೆಂದು ಅವನ್ನು ಮಾರಿದ. ಸೈನ್ಯಕ್ಕೆಂದು ಹುಟ್ಟಿದ ಸಾಮಗ್ರಿ ಕೊನೆಗೆ ಬಡವರ ಮನೆ ಸೇರಿತು.

ಹೊರೆಯನ್ನು ಇಳಿಸುವುದಕ್ಕೆ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಬೇರೊಂದು ದಾರಿ ಹಿಡಿದ. 1888ರಲ್ಲಿ ಗ್ರೀನ್‌ಲ್ಯಾಂಡಿನ ಹಿಮವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದಾಗ ಅವನ ತಂಡದಲ್ಲಿದ್ದವರು ಆರು ಜನ. ಸಾರಂಗದ ಚರ್ಮದ ಮಲಗುಚೀಲಗಳು ಎರಡೇ. ಒಂದೊಂದರಲ್ಲಿ ಮೂರು ಮೂರು ಜನ. ಒಬ್ಬನ ಮೈಶಾಖ ಇನ್ನೊಬ್ಬನಿಗೆ ಒದಗಿತು. ಚರ್ಮದ ತೂಕವೂ ಉಳಿಯಿತು. ಒಬ್ಬ ಮಗ್ಗುಲು ಬದಲಿಸಿದರೆ ಉಳಿದಿಬ್ಬರಿಗೂ ಎಚ್ಚರವಾಗುತ್ತಿದ್ದೀತು. ಆದರೆ ಆರು ಮಂದಿಯೂ ಆಚೆ ದಡವನ್ನು ಸೇರಿದರು.

ತೇವ ಎಷ್ಟು ದೊಡ್ಡ ಶತ್ರುವೆಂಬುದು ತಿಳಿದದ್ದು ದಕ್ಷಿಣ ಧ್ರುವದ ಕಡೆ. 1911ರ ಜೂನ್ 27ರಂದು, ಸೂರ್ಯನೇ ಮೂಡದ ಚಳಿಗಾಲದ ಕತ್ತಲೆಯಲ್ಲಿ, ಸ್ಕಾಟನ ತಂಡದ ವಿಲ್ಸನ್, ಬೋವರ್ಸ್ ಮತ್ತು ಚೆರ್ರಿ-ಗ್ಯಾರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ತರಲು ಕ್ರೋಜಿಯರ್ ಭೂಶಿರಕ್ಕೆ ಹೊರಟರು. ಒಂದು ದಿನವಂತೂ ಶಾಖಮಾನ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು. ಮುಖವನ್ನು ಹೊರಗಿಡಲಾಗದೆ ಚೀಲದೊಳಗೇ ಉಸಿರಾಡಿದರು. ಉಸಿರೂ ಬೆವರೂ ಚರ್ಮದಲ್ಲಿ ಹೀರಿ, ಹಗಲಿನಲ್ಲಿ ಹೆಪ್ಪುಗಟ್ಟಿದವು. ಚೀಲಗಳು ಹಲಗೆಯಂತೆ ಸೆಟೆದವು. ರಾತ್ರಿ ಒಳಗೆ ನುಸುಳುವುದಕ್ಕೆ, ಮೈಶಾಖದಿಂದಲೇ ಮಂಜನ್ನು ಅಂಗುಲ ಅಂಗುಲವಾಗಿ ಕರಗಿಸಬೇಕಾಗಿತ್ತು. ಹೊರಟಾಗ ಒಂದೊಂದು ಸುಮಾರು 8 ಕಿಲೋಗ್ರಾಂ ಇದ್ದ ಆ ಚೀಲಗಳ ಒಟ್ಟು ತೂಕ, ಐದು ವಾರಗಳ ಬಳಿಕ ಹಿಂದಿರುಗುವಾಗ ಇಮ್ಮಡಿಯನ್ನು ಮೀರಿತ್ತು. ಹೆಚ್ಚಿದ್ದೆಲ್ಲ ಅವರ ಮೈಯಿಂದಲೇ ಹೊರಟ ನೀರು. ಮೂವರೂ ಬದುಕಿ ಬಂದರು. ಮೂರು ಮೊಟ್ಟೆಗಳನ್ನೂ ತಂದರು. ಮರುವರ್ಷ ಧ್ರುವದಿಂದ ಮರಳುವ ದಾರಿಯಲ್ಲಿ ವಿಲ್ಸನ್ ಮತ್ತು ಬೋವರ್ಸ್, ಸ್ಕಾಟನ ಜೊತೆ ಹಸಿವು ಚಳಿಗಳಿಗೆ ಬಲಿಯಾದರು. 1912ರ ನವೆಂಬರಿನಲ್ಲಿ ಹುಡುಕಿ ಹೋದವರಿಗೆ ಡೇರೆಯೊಳಗೆ ಮೂವರೂ ಮಲಗುಚೀಲಗಳಲ್ಲೇ ಸಿಕ್ಕಿದರು. ಹುಡುಕಿ ಹೋದವರಲ್ಲಿ ಚೆರ್ರಿ-ಗ್ಯಾರಾರ್ಡನೂ ಒಬ್ಬ.

ಚರ್ಮದ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಬಾತು, ಹೆಬ್ಬಾತುಗಳ ಎದೆಯ ತುಪ್ಪುಳಿನಷ್ಟು ಹಗುರವಾದ ಬಲೆ ಪ್ರಕೃತಿಯಲ್ಲಿ ದುರ್ಲಭ. ಹಿಡಿಯಷ್ಟು ತುಪ್ಪುಳು ಅರಳಿದರೆ ಬುಟ್ಟಿಯಷ್ಟು ಗಾಳಿಯನ್ನು ಹಿಡಿದೀತು. 1922ರಲ್ಲಿ ಜಾರ್ಜ್ ಫಿಂಚ್ ಎಂಬಾತ ಬೆಲೂನಿನ ಬಟ್ಟೆಯೊಳಗೆ ತುಪ್ಪುಳು ತುಂಬಿದ ಕೋಟನ್ನು ತೊಟ್ಟು ಎವರೆಸ್ಟಿಗೆ ಬಂದಾಗ ಸಂಗಡಿಗರು ನಕ್ಕರು. ಮೇಲೇರಿದಂತೆ ನಗು ನಿಂತಿತು. 1953ರ ಮೇ 28ರ ರಾತ್ರಿ ಹಿಲರಿ ಮತ್ತು ತೇನ್‌ಸಿಂಗ್ ಸುಮಾರು 8,500 ಮೀಟರ್ ಎತ್ತರದಲ್ಲಿ, ಗಾಳಿ ತುಂಬಿದ ಹಾಸಿಗೆ ಮತ್ತು ಮಲಗುಚೀಲಗಳ ಬಲದಿಂದ ಇರುಳು ಕಳೆದರು. ಬೂಟುಗಳನ್ನು ಕಳಚಿಟ್ಟು ಮಲಗಿದ್ದ ಹಿಲರಿಗೆ ಬೆಳಗ್ಗೆ ಎದ್ದಾಗ ಅವು ಕಲ್ಲಿನಂತಾಗಿದ್ದವು. ಶಿಖರ ಕಣ್ಣೆದುರಿಗಿದ್ದರೂ, ಸ್ಟವ್ವಿನ ಉರಿಗೆ ಹಿಡಿದು ಅವನ್ನು ಮೆದುಮಾಡುವವರೆಗೆ ಹೊರಡುವಂತಿರಲಿಲ್ಲ.

ತುಪ್ಪುಳಿಗೆ ಎರಡು ಕುಂದು: ಬೆಲೆ ದುಬಾರಿ, ಒದ್ದೆಯಾದರೆ ಮುದ್ದೆಯಾಗಿ ಗಾಳಿಯನ್ನು ಬಿಟ್ಟುಕೊಡುತ್ತದೆ. ಎರಡನೆಯ ಮಹಾಯುದ್ಧದ ನಂತರ ಬಂದ ಪಾಲಿಯೆಸ್ಟರ್ ಎಳೆಗಳು ಕಡಮೆ ಬೆಲೆಗೆ ಒದಗಿದವು. ಒದ್ದೆಯಾದರೂ ತಕ್ಕಮಟ್ಟಿಗೆ ಬಿಸಿ ಕಾಯುತ್ತವೆ. ಆದರೆ ತೂಕ ಹೆಚ್ಚು. ನೆಲದ ಚಳಿಗೆ ಫೋಮಿನ ಚಾಪೆ ಬಂತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದ ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಇಂಜಿನಿಯರರು, ಚಾರಣಪ್ರಿಯ ಗೆಳೆಯನೊಬ್ಬನ ಜೊತೆ ಸೇರಿ, ಫೋಮನ್ನು ಗಾಳಿಯಾಡದ ಬಟ್ಟೆಯಲ್ಲಿ ಮುಚ್ಚಿ ತಿರುಪನ್ನಿಟ್ಟರು. ತಿರುಪು ಬಿಚ್ಚಿದರೆ ಹಾಸಿಗೆ ತಾನೇ ಗಾಳಿ ಹೀರಿ ಉಬ್ಬುತ್ತಿತ್ತು. ತೋಟದ ಕೆಲಸಕ್ಕೆ ಮಂಡಿಯೂರುವ ಫೋಮಿನ ಮೆತ್ತೆ ಅವರಿಗೆ ಈ ಉಪಾಯವನ್ನು ಹೇಳಿಕೊಟ್ಟಿತು. 1990ರ ದಶಕದಲ್ಲಿ ರೇ ಜಾರ್ಡೀನ್ ಎಂಬ ದೂರದಾರಿಯ ನಡೆಗಾರ ಇನ್ನೊಂದು ಸರಳ ಸತ್ಯವನ್ನು ಎತ್ತಿ ತೋರಿಸಿದ: ನಮ್ಮ ಬೆನ್ನಡಿಗೆ ಸಿಕ್ಕಿ ಅದುಮಿಹೋದ ತುಪ್ಪುಳಿನಿಂದ ಪ್ರಯೋಜನವಿಲ್ಲ, ಹಾಗಿದ್ದಮೇಲೆ ಅದನ್ನು ಹೊರುವುದೇಕೆ? ಕೆಳಗೆ ಒಳ್ಳೆಯ ಚಾಪೆ, ಮೇಲೆ ರಜಾಯಿ ಸಾಕು. ಅದನ್ನೂ ಮನೆಯಲ್ಲೇ ಹೊಲಿದುಕೊಳ್ಳಬಹುದು ಎಂದ. ಕೌದಿ ಹೊಲಿಯುವ ನಮ್ಮ ಅಜ್ಜಿಯರಿಗೆ ಈ ಮಾತು ಹೊಸತೆನಿಸಲಾರದು.

ಈ ಚರಿತ್ರೆಯಿಂದ ಇಂದು ಮೂಟೆ ಕಟ್ಟುವವರು ಪಡೆಯಬೇಕಾದ ಬುದ್ಧಿ ಏನು? ಮಿತವಾದ ಹಣವಿದ್ದರೆ ಮೊದಲು ಕೆಳಗಿನ ಚಾಪೆಗೆ ಖರ್ಚು ಮಾಡಬೇಕು. ಸುಮಾರು 400 ಗ್ರಾಂ ತೂಗುವ ಫೋಮಿನ ಚಾಪೆ ಅಗ್ಗ. ಸೂಜಿ ಚುಚ್ಚಿದರೂ ಕೆಡದು. ಹಿಮದ ಮೇಲಾದರೆ ಅದರ ಮೇಲೆ ಇನ್ನೊಂದನ್ನು ಹಾಸಬಹುದು, ಎರಡರ ಬಲವೂ ಕೂಡುತ್ತದೆ. ಮಲಗುಚೀಲವನ್ನು ಕೊಳ್ಳಲಾಗದಿದ್ದರೆ ಬಾಡಿಗೆಗೆ ಪಡೆಯಬಹುದು. ಕೊಳ್ಳುವಾಗ ಅದರ ಮೇಲೆ ಅಚ್ಚಾದ ಅಂಕೆಗಳನ್ನು ಎಚ್ಚರದಿಂದ ಓದಬೇಕು. ಯೂರೋಪಿನಲ್ಲಿ 2005ರಿಂದ ಬಳಕೆಗೆ ಬಂದ ಪದ್ಧತಿಯಲ್ಲಿ, ಬಿಸಿ ಮಾಡಿದ ಬೊಂಬೆಯನ್ನು ಚೀಲದಲ್ಲಿ ಮಲಗಿಸಿ ತಣ್ಣನೆಯ ಕೋಣೆಯಲ್ಲಿ ಅಳೆಯುತ್ತಾರೆ. ಅದರಲ್ಲಿ ‘ಕಂಫರ್ಟ್’ ಎಂಬುದು ಸುಖವಾಗಿ ಮಲಗುವ ಶಾಖಮಾನ. ‘ಎಕ್ಸ್‌ಟ್ರೀಮ್’ ಎಂಬುದು ನಿದ್ದೆಯ ಅಂಕೆಯಲ್ಲ. ಹೇಗೋ ಜೀವ ಉಳಿಯಬಹುದಾದ ಗಡಿ. ಅಂಗಡಿಯಲ್ಲಿ ದೊಡ್ಡದಾಗಿ ಕಾಣುವ ಈ ಅಂಕೆಯನ್ನು ನಂಬಿ ಹೋದವರು ರಾತ್ರಿಯೆಲ್ಲ ನಡುಗುತ್ತಾರೆ. ಮೈ ತೀರ ತಣ್ಣಗಾದಾಗ ನಡುಕ ತಾನಾಗಿ ನಿಂತು ಬುದ್ಧಿ ಮಂಕಾಗುತ್ತದೆ. ಸಹಾಯ ಕೇಳಬೇಕೆಂಬ ಅರಿವೇ ಉಳಿಯದು. ಆದ್ದರಿಂದ ನಡುಕ ನಿಂತಿತೆಂದು ಜೊತೆಗಾರರು ನಿಶ್ಚಿಂತರಾಗಬಾರದು.

ಉಳಿದವು ಖರ್ಚಿಲ್ಲದ ಉಪಾಯಗಳು. ಬೆವರಿದ ಬಟ್ಟೆಯನ್ನು ಬದಲಿಸಿ ಒಣಬಟ್ಟೆ ತೊಡುವುದು, ಹೊಟ್ಟೆ ತುಂಬ ಉಂಡು ಮಲಗುವುದು, ಮೂಗು ಬಾಯಿಗಳನ್ನು ಚೀಲದ ಹೊರಗಿಡುವುದು, ಬಿಸಿನೀರಿನ ಬಾಟಲಿಯ ಮುಚ್ಚಳ ಬಿಗಿದು ಕಾಲ ಬಳಿ ಇಟ್ಟುಕೊಳ್ಳುವುದು, ಬೂಟನ್ನೂ ಒಂದು ಚೀಲದಲ್ಲಿ ಸುತ್ತಿ ಮಗ್ಗುಲಲ್ಲೇ ಮಲಗಿಸುವುದು, ಬಿಸಿಲು ಬಂದೊಡನೆ ಹೊದಿಕೆಯನ್ನು ಹರವಿ ಒಣಗಿಸುವುದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಮನೆಯಲ್ಲಿ ಹೇಳುತ್ತೇವೆ. ಬೆಟ್ಟಕ್ಕೆ ಹೊರಟವರಿಗೆ ಆ ಮಾತಿನ ಅರ್ಥ ಇನ್ನೂ ನೇರವಾದದ್ದು: ಹಾಸಿಗೆ ಎಷ್ಟು ಚಳಿಯನ್ನು ತಡೆಯಬಲ್ಲುದೋ ಅಷ್ಟು ಎತ್ತರಕ್ಕೆ ಮಾತ್ರ ಏರಬೇಕು.