ಚಡಾವಿನ ಊರಲ್ಲಿ ಸೈಕಲ್: ಒಂದು ಸಣ್ಣ ಚರಿತ್ರೆ

"ನಿಮ್ಮೂರಲ್ಲಿ ಸೈಕಲ್ಲಾ? ಅಲ್ಲಿ ಬರೀ ಗುಡ್ಡ ಅಲ್ವೇನ್ರೀ?"

ರಜೆಗೆ ಊರಿಗೆ ಹೋದಾಗ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಅಂತ ಸೈಕಲ್ಲಲ್ಲೇ ಸುತ್ತುತ್ತೇನೆ ಅಂದರೆ ಬೆಂಗಳೂರಿನ ಆಫೀಸಿನ ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದು. ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮಲ್ಲಿ ಸಮತಟ್ಟಾದ ನೆಲ ಅಂದರೆ ಗದ್ದೆ ಬೈಲು ಮತ್ತು ಶಾಲೆಯ ಮೈದಾನ, ಅಷ್ಟೇ. ಉಳಿದದ್ದೆಲ್ಲ ಮುರಕಲ್ಲಿನ ಗುಡ್ಡೆ, ಅದರ ಬುಡದಲ್ಲಿ ತೋಡು, ತೋಡು ದಾಟಿದರೆ ಮತ್ತೆ ಚಡಾವು. (ಏರಿಗೆ ನಮ್ಮ ಕಡೆ ಚಡಾವು ಅಂತಾರೆ. ಶಬ್ದ ಕೇಳಿದರೇ ಉಸಿರು ಕಟ್ಟುತ್ತೆ :) ) ರಾಜ್ಯಕ್ಕೆ ಸೈಕಲ್ ಪಟುಗಳನ್ನು ಕೊಟ್ಟದ್ದು ವಿಜಯಪುರ, ಬಾಗಲಕೋಟೆಯ ಬಯಲು ಸೀಮೆ. ಆ ನಕ್ಷೆಯಲ್ಲಿ ನಮ್ಮ ಮೂರು ಪೇಟೆಗಳು ಎಲ್ಲೂ ಇಲ್ಲ.

ಆದರೂ ನಮ್ಮಲ್ಲಿ ಸೈಕಲ್ಲಿಗೆ ಒಂದು ಚರಿತ್ರೆ ಇದೆ. ಯಾರೂ ಕೂತು ಬರೆದಿಲ್ಲ, ಅಷ್ಟೇ. ಈಗ ಗೇರ್ ಸೈಕಲ್, ಹೆಲ್ಮೆಟ್, ಮೊಬೈಲಿನಲ್ಲಿ ಕಿಲೋಮೀಟರ್ ಲೆಕ್ಕ ಎಲ್ಲ ಬಂದಮೇಲೆ, ಮಜಾಕ್ಕೆ ಸೈಕಲ್ ಹೊಡೆಯುವುದನ್ನು ನಾವೇ ಕಂಡುಹಿಡಿದೆವು ಅನ್ನುವ ಧಾಟಿಯಲ್ಲಿ ಮಾತಾಡುವವರು ಜಾಸ್ತಿಯಾಗಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಈ ಬರಹ.

ಮೊದಲು ದಾರಿ

ಸೈಕಲ್ಲಿಗಿಂತ ಮೊದಲು ದಾರಿಯ ಕತೆ ಹೇಳಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ, ಕೈಗೆ ಬಂದ ಹೊಸ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಅಂತ ಕಂಪೆನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1801ರ ಆರಂಭದಲ್ಲಿ ಆತ ಮಂಗಳೂರಿನಿಂದ ಹೊರಟು ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡುಬಿದಿರೆ, ಕಾರ್ಕಳ ಹೀಗೆ ಸುತ್ತಿದ. ಆ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಊರುಗಳ ಈ ಸಾಲನ್ನು ಇನ್ನೊಮ್ಮೆ ಓದಿ. ಇವತ್ತು ಮಂಗಳೂರಿನ ಕಡೆಯ ಸೈಕಲ್ ಸವಾರರು ಭಾನುವಾರ ಹಿಡಿಯಬಹುದಾದ ಒಳ್ಳೆಯ ದಾರಿ ಹೆಚ್ಚುಕಮ್ಮಿ ಇದೇ!

ಆ ಕಾಲದಲ್ಲಿ ಮತ್ತು ಅದರ ನಂತರವೂ ಬಹಳ ವರ್ಷ ಬಂಟ್ವಾಳ ಒಂದು ನದಿ ಬಂದರು. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿ ಬಂಟ್ವಾಳದ ತನಕ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿ. ಉಪ್ಪು, ಒಣಮೀನು ಘಟ್ಟ ಹತ್ತುತ್ತಿತ್ತು, ಕಾಫಿ ಮೊದಲಾದ್ದು ಘಟ್ಟ ಇಳಿಯುತ್ತಿತ್ತು. ಪೇಟೆಯ ಹಳೇ ಬೀದಿ ಹೊಳೆಗೆ ಅಂಟಿಕೊಂಡೇ ಇರುವುದು ಅದಕ್ಕೇ. 1923ರ ಮಹಾನೆರೆ, ಆಮೇಲೆ 1974ರ ನೆರೆ, ಎರಡೂ ಈ ಬೀದಿಗೆ ನುಗ್ಗಿದ್ದೂ ಅದೇ ಕಾರಣಕ್ಕೆ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. 1910ರ ದಶಕದಲ್ಲಿ ಮಂಗಳೂರು-ಬಂಟ್ವಾಳ ನಡುವೆ ಖಾಸಗಿ ಬಸ್ಸೂ ಶುರುವಾಯಿತು. ಜಿಲ್ಲೆಯಲ್ಲಿ ಬಸ್ಸು ಕಂಡ ಮೊದಲ ದಾರಿಗಳಲ್ಲಿ ಇದೂ ಒಂದು. ಆದರೆ ಬಸ್ಸು ನಿಲ್ಲುವ ಜಾಗದಿಂದ ಮನೆಗೆ? ಅಲ್ಲಿಂದ ಮುಂದೆ ಮೂರೋ ನಾಲ್ಕೋ ಮೈಲಿ ಕಾಲ್ನಡಿಗೆ. ನಮ್ಮಲ್ಲಿ ಸೈಕಲ್ ತುಂಬಿದ್ದು ಈ ಖಾಲಿ ಜಾಗವನ್ನು.

ಬೀಸೇಕಲ್ಲು ಬಂತು

ಇವತ್ತಿನ ಆಕಾರದ ಸೈಕಲ್, ಅಂದರೆ ಎರಡೂ ಚಕ್ರ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು, ಇಂಗ್ಲೆಂಡಿನಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿನಿಂದ ನೆಲೆ ನಿಂತದ್ದು. ಮೂರೇ ವರ್ಷಕ್ಕೆ, 1888ರಲ್ಲಿ, ಡನ್‌ಲಪ್ ಗಾಳಿ ತುಂಬಿದ ಟಯರು ತಂದ. ಅಲ್ಲಿಂದ ನಮ್ಮ ದೇಶದ ಬಂದರುಗಳಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೊದಲು ಹತ್ತಿದವರು ದೊರೆಗಳು, ಪಾದ್ರಿಗಳು, ಅಧಿಕಾರಿಗಳು.

ಹಳ್ಳಿಯವರಿಗೆ ಅದು ಹೇಗೆ ಕಂಡಿರಬಹುದು ಅನ್ನುವುದಕ್ಕೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇದೆ. ಘಟ್ಟದ ಮೇಲಿನ ತೀರ್ಥಹಳ್ಳಿ ಕಡೆಯ ಕತೆ. ಅಲ್ಲಿ ಬೈಸಿಕಲ್ ಜನರ ಬಾಯಲ್ಲಿ 'ಬೀಸೇಕಲ್ಲು' ಆಗುತ್ತದೆ. ಗುಂಡಗಿರುವುದು, ತಿರುಗುವುದು ಅಂದರೆ ಮನೆಯ ಬೀಸುವ ಕಲ್ಲೇ ತಾನೇ! ಹೊಸ ಯಂತ್ರಕ್ಕೆ ಇದಕ್ಕಿಂತ ಚಂದದ ಕನ್ನಡ ಹೆಸರನ್ನು ನಾನಂತೂ ಕೇಳಿಲ್ಲ. ನಮ್ಮ ಸಾಫ್ಟ್‌ವೇರ್ ಪದಕೋಶದವರು ಸ್ವಲ್ಪ ಗಮನಿಸಬೇಕು :)

ಸ್ವಾತಂತ್ರ್ಯ ಬಂದ ಮೇಲೆ ಸೈಕಲ್ ದೇಶದೊಳಗೇ ತಯಾರಾಗತೊಡಗಿತು. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ. 1956ರವರೆಗೆ ನಮ್ಮ ಜಿಲ್ಲೆ ಮದರಾಸಿಗೇ ಸೇರಿತ್ತು. ರಾಲಿ, ಹರ್ಕ್ಯುಲಿಸ್, ಫಿಲಿಪ್ಸ್ ಅಂತ ಅಜ್ಜಂದಿರು ಕುಲದೇವರ ಹೆಸರು ಹೇಳಿದ ಹಾಗೆ ಹೇಳುವುದನ್ನು ನೀವೂ ಕೇಳಿರುತ್ತೀರಿ.

ತಳ್ಳುವ ಸೈಕಲ್

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಹೇಳಲೇಬೇಕು, ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ. ಹಳೇ ಕಪ್ಪು ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಚಕ್ರ 28 ಇಂಚು. ಲೆಕ್ಕ ಹಾಕಿದರೆ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಬಯಲಿಗೆ ಹೇಳಿ ಮಾಡಿಸಿದ ಲೆಕ್ಕ. ಚಡಾವಿನಲ್ಲಿ? 20 ಕಿಲೋ ದಾಟುವ ಸೈಕಲ್, ಹಿಂದೆ ಕ್ಯಾರಿಯರಿನಲ್ಲಿ ಅಷ್ಟೇ ಭಾರದ ಸಾಮಾನು. ಭೀಮನೂ ಇಳಿದು ತಳ್ಳಬೇಕು. ಇವತ್ತಿನ ಗೇರ್ ಸೈಕಲ್ಲಿನ ತೀರ ಸಣ್ಣ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರೂ ಹೋಗುವುದಿಲ್ಲ. ಅದಕ್ಕೇ ನಾವು ಕೂತೇ ಏರುತ್ತೇವೆ. ಇದರಲ್ಲಿ ನಮ್ಮ ತೊಡೆಯ ಪ್ರತಾಪ ಕಡಿಮೆ, ಹಲ್ಲುಚಕ್ರದ ಪ್ರತಾಪ ಜಾಸ್ತಿ.

ಹಾಗೆ ತಳ್ಳಿದವರು ಯಾರು? ಮೊದಲನೆಯವರು ಮೀನಿನ ಕಾಕ. ಹಿಂದೆ ಮೀನಿನ ಬುಟ್ಟಿ, ಹ್ಯಾಂಡಲಿಗೆ ರಬ್ಬರಿನ ಪೋಂ ಪೋಂ ಹಾರನ್. ಬೂತಾಯಿ, ಬಂಗುಡೆ ಹಾಳಾಗುವ ಮೊದಲು ಒಳಗಿನ ಹಳ್ಳಿ ಮುಟ್ಟಬೇಕು. ಆ ಹಾರನ್ ಕೇಳಿ ಮನುಷ್ಯರಿಗಿಂತ ಮೊದಲು ಬೆಕ್ಕುಗಳು ಅಂಗಳಕ್ಕೆ ಬರುತ್ತಿದ್ದವು. ಆಮೇಲೆ ಬೀಡಿ. ಬಂಟ್ವಾಳ, ಬೆಳ್ತಂಗಡಿ ಕಡೆ ಹೆಂಗಸರು ಬೀಡಿ ಕಟ್ಟದ ಕೇರಿ ಹುಡುಕುವುದು ಕಷ್ಟವಾಗಿದ್ದ ಕಾಲ ಅದು. ಬ್ರಾಂಚಿಗೆ ಬೀಡಿ, ಬ್ರಾಂಚಿನಿಂದ ಎಲೆ ಮತ್ತು ಹೊಗೆಸೊಪ್ಪು, ಇದರಲ್ಲಿ ಎಷ್ಟೋ ಪಾಲು ಸೈಕಲ್ ಕ್ಯಾರಿಯರಿನ ಮೇಲೇ ಓಡಾಡಿತು. ಪೋಸ್ಟ್‌ಮ್ಯಾನ್, ಪೇಪರಿನ ಹುಡುಗ, ಐಸ್‌ಕ್ಯಾಂಡಿಯವನು, ಡಿಪೋಗೆ ಹಾಲಿನ ಕ್ಯಾನು ತರುವವನು... ಪಟ್ಟಿ ಬೆಳೆಯುತ್ತದೆ.

ಇವರಿಗೆ ಸೈಕಲ್ ಅನ್ನುವುದು ಅರ್ಧ ಗಾಡಿ, ಅರ್ಧ ಕೈಗಾಡಿ. ಏರಿನಲ್ಲಿ ತಳ್ಳಬೇಕು, ಇಳಿಜಾರಿನಲ್ಲಿ ಹತ್ತಬೇಕು. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು, ಒಂದು ಕೈಯಲ್ಲಿ ಕೊಡೆ. ಬ್ರೇಕಿನ ರಬ್ಬರು ಒದ್ದೆಯಾದರೆ ಚಪ್ಪಲಿಯೇ ಬ್ರೇಕು. ಅದರ ಮೇಲೆ ಪಂಚಾಯತಿಗೆ ಸೈಕಲ್ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸು, ಡಬಲ್ ರೈಡ್ ಹೋದರೂ ಪೊಲೀಸು.

ಅರ್ಧ ಗಂಟೆಯ ಸ್ವರ್ಗ

ಹಾಗಾದರೆ ಮಜಾ ಎಲ್ಲಿತ್ತು? ಬಾಡಿಗೆ ಸೈಕಲ್ ಅಂಗಡಿಯಲ್ಲಿತ್ತು.

ನನ್ನ ಅಪ್ಪ ಎಪ್ಪತ್ತರ ದಶಕದ ಹುಡುಗ. ಬಿ.ಸಿ.ರೋಡಿನಲ್ಲಿ (ಹೊರಗಿನವರಿಗೆ: ಬಂಟ್ವಾಳ ಕ್ರಾಸ್ ರೋಡ್) ಗಂಟೆ ಲೆಕ್ಕದಲ್ಲಿ ಸೈಕಲ್ ಸಿಗುತ್ತಿತ್ತು. ಅರ್ಧ ಗಂಟೆಗೆ ನಾಲ್ಕಾಣೆ. ಪುಸ್ತಕದಲ್ಲಿ ಹೆಸರು, ಮನೆಯ ಹೆಸರು, ಹೊರಟ ಹೊತ್ತು ಬರೆಯಬೇಕು. ಪರಿಚಯದವರ ಶಿಫಾರಸು ಬೇಕು. ಇಷ್ಟೆಲ್ಲ ಮಾಡಿ ಪಡೆದ ಸೈಕಲ್ ಹುಡುಗನಿಗಿಂತ ಎತ್ತರ! ಸೀಟಿನಲ್ಲಿ ಕೂತರೆ ಕಾಲು ಎಟುಕದು. ಆದ್ದರಿಂದ ಬಾರಿನ ಕೆಳಗಿಂದ ಒಂದು ಕಾಲು ಆಚೆ ತೂರಿಸಿ, ಸೊಂಟ ಓರೆ ಮಾಡಿ, ಒಳಪೆಡಲು. ಇದನ್ನು ನೋಡದವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ, ನೋಡಿದವರಿಗೆ ಹೇಳುವ ಅಗತ್ಯವೇ ಇಲ್ಲ.

ಅಪ್ಪನ ಪ್ರಕಾರ ಆ ಅರ್ಧ ಗಂಟೆಯಲ್ಲಿ ಎಲ್ಲಿಗೂ ಹೋಗುವುದಿರಲಿಲ್ಲ. ಮೈದಾನದಲ್ಲಿ ಹತ್ತು ಸುತ್ತು, ಒಂದು ಇಳಿಜಾರು, ಮತ್ತೆ ತಳ್ಳಿಕೊಂಡು ಅಂಗಡಿಗೆ. "ನಿಮ್ಮ ರೈಡಿಂಗ್ ಅಂದರೇನು ಮತ್ತೆ? ಇದೇ ಅಲ್ವಾ? ನಾವು ಬಿಗಿ ಚಡ್ಡಿ ಹಾಕ್ತಿರಲಿಲ್ಲ ಅಷ್ಟೇ" ಅಂತಾರೆ. ಉತ್ತರ ಕೊಡಲು ನನ್ನಲ್ಲಿ ಏನೂ ಇಲ್ಲ. ಕೆಲಸವಿಲ್ಲದೆ, ಗುರಿಯಿಲ್ಲದೆ, ಬರೀ ಖುಷಿಗೆ ದುಡ್ಡು ಕೊಟ್ಟು ಸೈಕಲ್ ಹೊಡೆದವರು ಅವರೇ ಮೊದಲು.

ಅದೇ ಕಾಲದಲ್ಲಿ ಸೈಕಲ್ ಬ್ಯಾಲೆನ್ಸಿನವರು ಬರುತ್ತಿದ್ದರು. ಶಾಲೆಯ ಮೈದಾನದಲ್ಲಿ ಕಂಬ ನೆಟ್ಟು, ಟ್ಯೂಬ್‌ಲೈಟು ಕಟ್ಟಿ, ಒಬ್ಬ ಏಳು ದಿನ ಸೈಕಲ್ಲಿನಿಂದ ಕೆಳಗಿಳಿಯದೆ ಸುತ್ತುವುದು. ಊಟ, ಸ್ನಾನ ಎಲ್ಲ ಅದರ ಮೇಲೇ. ಸಂಜೆ ಹಾಡು, ಡ್ಯಾನ್ಸು, ಎದೆಯ ಮೇಲೆ ಕಲ್ಲು ಒಡೆಯುವುದು. ಯಕ್ಷಗಾನ, ಕಂಬಳ, ಕೋಲ ಬಿಟ್ಟರೆ ಊರು ಸೇರುತ್ತಿದ್ದದ್ದು ಇದಕ್ಕೆ. ಆ ಮನುಷ್ಯ ಎಲ್ಲಿಂದ ಬಂದ, ಎಲ್ಲಿಗೆ ಹೋದ ಯಾರಿಗೂ ನೆನಪಿಲ್ಲ. ಹಗ್ಗ ಬಿಟ್ಟು ಕೈ ಬೀಸಿದ್ದು ಮಾತ್ರ ನೆನಪಿದೆಯಂತೆ.

ಹುಡುಗಿಯರು? ಅಪ್ಪನ ನೆನಪಿನ ಬಾಡಿಗೆ ಪುಸ್ತಕದಲ್ಲಿ ಅವರ ಹೆಸರಿಲ್ಲ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ನಮ್ಮಲ್ಲಿ ಆ ಬದಲಾವಣೆ ತಡವಾಗಿ, ಸರಕಾರಿ ಸೈಕಲ್ಲಿನ ರೂಪದಲ್ಲಿ ಬಂತು. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡತೊಡಗಿತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಅಕ್ಕನಿಗೆ ಸಿಕ್ಕಿತು, ಕೆಲವು ವರ್ಷದ ಮೇಲೆ ನನಗೂ. ಶಾಲೆಗೆ ಹೋಗುವ ದಾರಿಯಲ್ಲಿ ಅರ್ಧ ತಳ್ಳಿದ್ದೇ, ಬರುವಾಗ ಅರ್ಧ ಹಾರಿದ್ದೇ. ಅಕ್ಕ ಭಾನುವಾರ ಯಾರ ಅಪ್ಪಣೆಯನ್ನೂ ಕೇಳದೆ ಗೆಳತಿಯ ಮನೆಗೆ ಹೋಗಿ ಬಂದ ದಿನ ಮನೆಯಲ್ಲಿ ನಡೆದ ಚರ್ಚೆ ಇನ್ನೂ ನೆನಪಿದೆ. ಅಜ್ಜಿ ಅಕ್ಕನ ಪಕ್ಷ ವಹಿಸಿದ್ದರು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು.

ಈಗಿನ ಸುತ್ತು

ಅಷ್ಟರಲ್ಲೇ ಮೀನಿನ ಕಾಕನ ಮಗ ಮೊಪೆಡ್ ಕೊಂಡಿದ್ದರು, ಪೇಪರಿನ ಹುಡುಗ ಬೈಕ್ ಕೊಂಡಿದ್ದ. ಬಾಡಿಗೆ ಸೈಕಲ್ ಅಂಗಡಿ ಮೊಬೈಲ್ ಅಂಗಡಿಯಾಯಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸ್ ತನ್ನ ಉಳಿದಿದ್ದ ಸಾಹಿಬಾಬಾದ್ ಕಾರ್ಖಾನೆಯನ್ನೂ ನಿಲ್ಲಿಸಿತು. ಇನ್ನೊಂದು ಕಡೆ, 2008ರಲ್ಲಿ ಶುರುವಾದ ನೀಲಗಿರಿ ಪ್ರವಾಸದಂಥ ದೂರದ ಸವಾರಿಗಳು, 13 ಗಂಟೆ 30 ನಿಮಿಷದೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆಗಳು ಅಂತ ಸೈಕಲ್ ಮತ್ತೆ ಬಂತು. ಈ ಸಲ ಬಂದದ್ದು ನಮ್ಮಂಥವರ ಕೈಗೆ.

ನನ್ನ ಇಷ್ಟದ ಸುತ್ತು ಹೇಳುತ್ತೇನೆ. ಬೆಳಗ್ಗೆ ಬಿ.ಸಿ.ರೋಡ್ ಬಿಟ್ಟು ಬಂಟ್ವಾಳ ಪೇಟೆ, ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಅಲ್ಲಿಂದ ಬೆಳ್ತಂಗಡಿಗೆ ಹೋದರೆ ಗಡಾಯಿಕಲ್ಲು ಎದುರಿಗೇ ನಿಲ್ಲುತ್ತದೆ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಅಂತ ಕರೆದ. ಬಂಡೆಯಲ್ಲೇ ಕಡಿದ 1876 ಮೆಟ್ಟಿಲು. ಸೈಕಲ್ ಹೊಡೆದು ಬಂದ ಕಾಲಿಗೆ ಅದು ಬೇಡ, ಬುಡದಿಂದಲೇ ಕೈ ಮುಗಿಯಿರಿ. ಹಿಂದೆ ಬಂದು ವೇಣೂರು. ಫಲ್ಗುಣಿ ಹೊಳೆಯ ಬದಿಯಲ್ಲಿ 35 ಅಡಿಯ ಬಾಹುಬಲಿ, ವೀರ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ್ದು. ಆಮೇಲೆ ಪೆರಿಂಜೆ, ಹೊಸಂಗಡಿ ದಾಟಿ ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಯ ಕಲ್ಲು ಜಗಲಿಯಲ್ಲಿ ಹತ್ತು ನಿಮಿಷ ಕೂತರೆ ಬೆವರು ತಾನಾಗಿ ಆರುತ್ತದೆ. ವಾಪಸು ಸಿದ್ಧಕಟ್ಟೆ ದಾರಿ ಹಿಡಿದರೆ ಬಂಟ್ವಾಳ.

ಕಾರಿನಲ್ಲಿ ಇದು ಅರ್ಧ ದಿನದ ಕೆಲಸ, ನೋಡುವುದು ಮೂರು ಜಾಗ. ಸೈಕಲ್ಲಿನಲ್ಲಿ ನಡುವಿನದೂ ಸಿಗುತ್ತದೆ. ಅಂಗಳದಲ್ಲಿ ಒಣಗುವ ಅಡಿಕೆಯ ವಾಸನೆ, ಗೇರುಹಣ್ಣಿನ ವಾಸನೆ, ತೋಟದ ತಗ್ಗಿಗೆ ಇಳಿದಾಗ ಒಮ್ಮೆಲೇ ತಣ್ಣಗಾಗುವ ಗಾಳಿ, ಯಾವುದೋ ಮನೆಯ ನಾಯಿ, ಹೋಟೆಲಿನ ಗೋಳಿಬಜೆ. ಚಡಾವಿನಲ್ಲಿ ಎದುರಾದ ಅಜ್ಜ ಒಬ್ಬರು "ಇಳಿದು ತಳ್ಳು ಮಗ, ಅದರಲ್ಲಿ ನಾಚಿಕೆ ಎಂಥದ್ದು?" ಅಂದಿದ್ದರು. ಈ ದಾರಿಯಲ್ಲಿ ಸಿಕ್ಕಿದ ಅತ್ಯುತ್ತಮ ತಾಂತ್ರಿಕ ಸಲಹೆ ಅದು.

ಆದರೆ ದಾರಿ ಬದಲಾಗುತ್ತಿದೆ. ಬಂಟ್ವಾಳದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75, ಬೆಳ್ತಂಗಡಿ-ಚಾರ್ಮಾಡಿಯ 73, ಮೂಡುಬಿದಿರೆಯ 169, ಮೂರೂ ಈಚಿನ ವರ್ಷಗಳಲ್ಲಿ ಅಗಲೀಕರಣ ಕಂಡಿವೆ. ಬೇಕಾದದ್ದೇ, ಘಟ್ಟದ ಲಾರಿಗೂ ಆಂಬುಲೆನ್ಸಿಗೂ ರಸ್ತೆ ಬೇಕು. ಏರುಗಳನ್ನು ಕಡಿದು ತಗ್ಗಿಸಿದ್ದು ಸೈಕಲ್ಲಿಗೂ ಒಳ್ಳೆಯದೇ. ಆದರೆ ಹೆದ್ದಾರಿ ಬದಿಯಲ್ಲಿ ಈಗಲೂ ಸೈಕಲ್ ಹೊಡೆಯುವವರಲ್ಲಿ ಹೆಲ್ಮೆಟ್ಟಿನವರು ವಾರಕ್ಕೊಮ್ಮೆ ಬರುವವರು. ದಿನಾ ಬರುವವರು ಗಾರೆ ಕೆಲಸದವರು, ದೂರದ ರಾಜ್ಯಗಳಿಂದ ಬಂದ ಕೂಲಿಯವರು, ಶಾಲೆಯ ಮಕ್ಕಳು. ನಮಗೆ ಒಳದಾರಿ ಹುಡುಕುವ ಪುರುಸೊತ್ತಿದೆ, ಅವರಿಗಿಲ್ಲ. ಸೈಕಲ್ಲಿಗೆ ಜಾಗ ಕೊಡಿ ಅಂತ ಕೇಳುವಾಗ ನಮ್ಮ ಭಾನುವಾರದ ಹೆಸರಿಗಿಂತ ಅವರ ಸೋಮವಾರದ ಹೆಸರಿನಲ್ಲಿ ಕೇಳುವುದು ನ್ಯಾಯ ಅಂತ ನನಗನಿಸುತ್ತದೆ. ಸೈಕಲ್ ಸವಾರಿಯ ಸುಖ ಈ ಊರಿಗೆ ಬಂದದ್ದೂ ದುಡಿಯುವವರ ಕ್ಯಾರಿಯರಿನ ಮೇಲೆ ಕೂತೇ ಅಲ್ವೇ?

ಒಂದು ಕೋರಿಕೆ. ಬಸದಿಗೆ ಶಾಸನವಿದೆ, ಕೋಟೆಗೆ ಇಸವಿಯಿದೆ. ಬಾಡಿಗೆ ಸೈಕಲ್ ಅಂಗಡಿಯ ಆ ಪುಸ್ತಕ ಮಾತ್ರ ಎಂದೋ ರದ್ದಿಗೆ ಹೋಗಿದೆ. ನೆನಪಿರುವವರು ಎಪ್ಪತ್ತು, ಎಂಬತ್ತು ದಾಟುತ್ತಿದ್ದಾರೆ. ನಿಮ್ಮೂರಿನ ಮೊದಲ ಸೈಕಲ್ ಶಾಪ್ ಎಲ್ಲಿತ್ತು, ಗಂಟೆಗೆ ಎಷ್ಟಿತ್ತು, ಮೊದಲು ಸೈಕಲ್ ಹೊಡೆದ ಹೆಂಗಸು ಯಾರು? ಈ ವಾರ ಮನೆಯ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆದಿಡಿ. ನಾನು ಓದಲು ಕಾಯುತ್ತಿರುತ್ತೇನೆ.