ಹ್ಯಾವಿಂಗ್ ನೆವರ್ ರಿಟನ್ ಎ ನೋಟ್ ಫಾರ್ ಪರ್ಕಷನ್

'ಹ್ಯಾವಿಂಗ್ ನೆವರ್ ರಿಟನ್ ಎ ನೋಟ್ ಫಾರ್ ಪರ್ಕಷನ್' ಎಂಬುದು ಅಮೆರಿಕದ ಸಂಗೀತ ಸಂಯೋಜಕ ಜೇಮ್ಸ್ ಟೆನ್ನಿ (೧೯೩೪–೨೦೦೬) ಅವರು ೧೯೭೧ರಲ್ಲಿ ರಚಿಸಿದ ಏಕವಾದ್ಯ ಕೃತಿ. ತಾಳವಾದ್ಯಕ್ಕೆಂದು ಈವರೆಗೆ ಒಂದು ಸ್ವರವನ್ನೂ ಬರೆದಿಲ್ಲವಾಗಿ ಎಂಬುದು ಶೀರ್ಷಿಕೆಯ ಭಾವಾರ್ಥ. ಕೃತಿಯಲ್ಲಿ ಇರುವುದೂ ಒಂದೇ ಸ್ವರ. ಇದನ್ನು ಬಹುಮಟ್ಟಿಗೆ ಜಾಗಟೆಯ ವರ್ಗಕ್ಕೆ ಸೇರಿದ 'ಟ್ಯಾಮ್-ಟ್ಯಾಮ್' ಎಂಬ ದೊಡ್ಡ ಗಾಂಗ್ ವಾದ್ಯದಲ್ಲಿ ನುಡಿಸಲಾಗುತ್ತದೆ.

ಹಿನ್ನೆಲೆ

ಟೆನ್ನಿಯವರಿಗೆ ಪತ್ರ ಬರೆಯುವುದೆಂದರೆ ಬೇಸರ. ಅದರ ಬದಲಿಗೆ ಅವರು ಅಂಚೆ ಕಾರ್ಡಿನಲ್ಲಿ ಮುದ್ರಿಸಬಹುದಾದಷ್ಟು ಚಿಕ್ಕ ಸ್ವರಲಿಪಿಗಳನ್ನು ಸ್ನೇಹಿತರಿಗಾಗಿ ರಚಿಸಿದರು. ಈ ಕಾರ್ಡುಗಳ ಮಾಲೆಗೆ 'ಪೋಸ್ಟಲ್ ಪೀಸಸ್' ಎಂದು ಹೆಸರು. ಪ್ರಸ್ತುತ ಕೃತಿಯು ತಾಳವಾದ್ಯಗಾರ ಜಾನ್ ಬರ್ಗಾಮೊ ಅವರಿಗೆ ಅರ್ಪಿತವಾಗಿದೆ. ಬರ್ಗಾಮೊ ತಬಲಾ ಮೊದಲಾದ ಭಾರತೀಯ ವಾದ್ಯಗಳನ್ನೂ ಅಭ್ಯಾಸ ಮಾಡಿದವರು. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಅಧ್ಯಾಪಕರಾಗಿದ್ದರು.

ಸ್ವರಲಿಪಿ

ಕಾರ್ಡಿನಲ್ಲಿ ಒಂದು ದೀರ್ಘ ಸ್ವರಚಿಹ್ನೆಯಿದೆ. ಅದನ್ನು ಎಡೆಬಿಡದ ಕಂಪಿತ ಹೊಡೆತಗಳಿಂದ, 'ಬಹಳ ದೀರ್ಘವಾಗಿ' ನುಡಿಸಬೇಕೆಂಬ ಸೂಚನೆಯಿದೆ. ನಾದವು ಕಿವಿಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಆರಂಭವಾಗಿ, ಅತ್ಯಂತ ಗಟ್ಟಿಯಾದ ಹಂತವನ್ನು ಮುಟ್ಟಿ, ಪುನಃ ಮೌನಕ್ಕೆ ಇಳಿಯುತ್ತದೆ. ವಾದ್ಯ ಯಾವುದೆಂದಾಗಲಿ, ಅವಧಿ ಎಷ್ಟು ನಿಮಿಷವೆಂದಾಗಲಿ ನಿಗದಿಯಾಗಿಲ್ಲ.

ನಾದದ ಸ್ವರೂಪ

ನಮ್ಮ ದೇವಾಲಯಗಳ ಮಂಗಳಾರತಿಯಲ್ಲಿ ಮತ್ತು ದಾಸಯ್ಯನ ಕೈಯಲ್ಲಿ ಕೇಳುವ ಜಾಗಟೆಯ ಪೆಟ್ಟುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಇಲ್ಲಿ ಪೆಟ್ಟುಗಳು ಒಂದರಲ್ಲೊಂದು ಕರಗಿ ಅಖಂಡ ನಾದವಾಗುತ್ತವೆ. ಟ್ಯಾಮ್-ಟ್ಯಾಮ್‌ಗೆ ನಿಶ್ಚಿತ ಶ್ರುತಿಯಿಲ್ಲ. ಮೆಲ್ಲನೆ ನುಡಿಸಿದಾಗ ಅದರ ತಗ್ಗಿನ ಗುಂಯ್‌ಗಾರವೇ ಪ್ರಧಾನ. ಬಲ ಹೆಚ್ಚಿದಂತೆ ಕಂಪನಶಕ್ತಿ ಮೇಲಿನ ಆವರ್ತನಗಳಿಗೆ ಹರಡಿ, ಮೊದಲು ಕೇಳದಿದ್ದ ಹೊಳಪಿನ ಧ್ವನಿಗಳು ಹೊಮ್ಮುತ್ತವೆ. ಇಳಿಕೆಯಲ್ಲಿ ಅವು ಮರೆಯಾಗಿ ಗುಂಯ್‌ಗಾರವಷ್ಟೇ ಉಳಿಯುತ್ತದೆ. ರಾಗ, ಲಯ, ಸಾಹಿತ್ಯ ಯಾವುದೂ ಇಲ್ಲದ ಈ ಕೃತಿಯಲ್ಲಿ ಮುಂದೇನಾಗುವುದೆಂಬುದು ಕೇಳುಗನಿಗೆ ಬೇಗನೆ ತಿಳಿದುಬಿಡುತ್ತದೆ. ಆದ್ದರಿಂದಲೇ ಅವನ ಗಮನ ಕುತೂಹಲವನ್ನು ಬಿಟ್ಟು ನಾದದ ಒಳಗಿನ ಸೂಕ್ಷ್ಮ ಬದಲಾವಣೆಗಳಲ್ಲಿ ನೆಲೆಸುತ್ತದೆ. ಕೃತಿಯ ಧ್ಯಾನಪರತೆ ಇರುವುದು ಇಲ್ಲಿಯೇ.

ವಾದನ ಮತ್ತು ಧ್ವನಿಮುದ್ರಣ

ಲಿಪಿ ಸರಳವಾದರೂ ವಾದನ ಕಠಿಣ. ಏರಿಕೆ ಎಲ್ಲಿಯೂ ಮೆಟ್ಟಿಲಿನಂತೆ ಒಡೆದು ಕಾಣಬಾರದು. ಶಿಖರ ಮುಟ್ಟುವವರೆಗೂ ಬಲವನ್ನು ಕಾಯ್ದಿರಿಸಿಕೊಳ್ಳಬೇಕು. ಸೋನಿಕ್ ಯೂತ್ ರಾಕ್ ತಂಡವು ೧೯೯೯ರ 'ಗುಡ್‌ಬೈ ೨೦ತ್ ಸೆಂಚುರಿ' ಸಂಕಲನದಲ್ಲಿ ಈ ಕೃತಿಯನ್ನು ಧ್ವನಿಮುದ್ರಿಸಿದೆ.